ಬೋರ್ಡ್ ನೋಡಿ ಬರೀತಾರ, ಓದು ಅಂದ್ರ ಓದಂಗಿಲ್ಲ: ಏನು ಮಾಡೋದ್ರೀ?

“ನಾಲ್ಕನೇ ತರಗತಿ ಹುಡುಗ್ರು ಬೋರ್ಡ್ ನೋಡಿ ಮುತ್ತು ಪೋಣಿಸಿದಂಗ ಬರೀತಾರ. ಬರೆದದ್ದನ್ನ ಓದು ಅಂದ್ರ ಬಾಯಿ ಬಿಡಂಗಿಲ್ಲ.” ಕೊಪ್ಪಳ ಜಿಲ್ಲೆಯ ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆ ಇದು.

ನೋಡಿ ಬರೆಯಲು ಕಣ್ಣು, ಕೈ ಸಾಕು. ಅಕ್ಷರದ ಸದ್ದು ಗೊತ್ತಿರಬೇಕಿಲ್ಲ. ಕಾಗುಣಿತವನ್ನು ರಾಗವಾಗಿ ಒಪ್ಪಿಸುವ ಮಗುವಿಗೆ ನಡುವಿನ ‘ಮೆ’ ಒಂದನ್ನೇ ತೋರಿಸಿ. ‘ಮ ಮಾ ಮಿ ಮೀ’ ಎಂದು ಮೊದಲಿನಿಂದ ಹೇಳಿಕೊಂಡು ಬಂದರೆ, ಅದಕ್ಕೆ ಬಂದಿರುವುದು ಬಾಯಿಪಾಠ ಮಾತ್ರ. ಸರ್ಕಾರಿ ಶಾಲೆಯ ಕೆಳ ತರಗತಿಗಳ ಚಟುವಟಿಕೆ ಕಲಿಕೆಯಾದ ನಲಿ-ಕಲಿಯಲ್ಲಿ ‘ರ ಗ ಸ ದ ಅ’ದಿಂದ ಶುರು ಮಾಡುವುದೂ ಇದಕ್ಕೇ: ಐದೇ ಅಕ್ಷರಕ್ಕೆ ಸರ, ರಸ, ಅರಸ, ಅಗಸ ಎಂಬ ಪದಗಳು ಕೈಗೆ ಬರುತ್ತವೆ.

ನಾನು ಹೇಳುವುದು ಇಷ್ಟು: ಮೊದಲ ಪಾಠ ಮಗುವಿನ ಬಾಯಿಂದಲೇ ಬರಲಿ. “ನಿನ್ನಿ ಮನ್ಯಾಗ ಏನಾತು?” ಎಂದು ಕೇಳಿ. “ನಮ್ಮ ಎಮ್ಮಿ ಕರ ಹಾಕೈತಿ” ಅಂದರೆ ಹಾಗೇ ಬೋರ್ಡಿನ ಮೇಲೆ ಬರೆಯಿರಿ. ‘ಎಮ್ಮೆ’, ‘ಹಾಕಿದೆ’ ಎಂದು ಆಗಲೇ ತಿದ್ದಬೇಡಿ. ತನ್ನದೇ ಮಾತಾದ್ದರಿಂದ ಮಗು ಬೆರಳಿಟ್ಟು ಓದುತ್ತದೆ. ಅದನ್ನೇ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು, ಪದ ಪದ ಕತ್ತರಿಸಿ, ಕಲಸಿ ಕೊಡಿ, ಜೋಡಿಸಲಿ. ಮರುದಿನ ‘ಕರ’ದ ತುಂಡನ್ನೂ ಎರಡು ಮಾಡಿ. ಆ ‘ರ’ದಿಂದ ಮನೆಯಲ್ಲಿ ಇನ್ನೇನೇನಿದೆ ಎಂದು ಕೇಳಿದರೆ ರೊಟ್ಟಿ ಬರುತ್ತದೆ, ರಾಗಿ ಬರುತ್ತದೆ. ಪುಸ್ತಕದ ‘ಎಮ್ಮೆ’ಯನ್ನು ‘ಎಮ್ಮಿ’ಯ ಪಕ್ಕ ಬರೆದು ತೋರಿಸಲು ಓದು ಸರಾಗವಾಗುವವರೆಗೆ ಕಾಯಬಹುದು. ತಾಂಡಾದಿಂದ ಬರುವ ಮಗು ಲಂಬಾಣಿಯಲ್ಲಿ ಹೇಳಿದರೂ ಬರೆದುಕೊಳ್ಳಿ, ಕನ್ನಡ ಲಿಪಿಯಲ್ಲೇ.

ಮುಂದಿನ ಪಾಠಕ್ಕೆ ಬಸ್ ನಿಲ್ದಾಣವೇ ಸಾಕು. ಜಿಲ್ಲೆಯ ಏಳು ತಾಲೂಕುಗಳ ಹೆಸರನ್ನು ಬಸ್ಸಿನ ಬೋರ್ಡಿನಂತೆ ರಟ್ಟಿನ ಮೇಲೆ ಬರೆಯಿರಿ. ಕನಕಗಿರಿ, ಕಾರಟಗಿ ಸುಲಭ. ಕುಕನೂರಿನಲ್ಲಿ ಕೊಂಬು, ಗಂಗಾವತಿಯಲ್ಲಿ ಸೊನ್ನೆ, ಕೊಪ್ಪಳದಲ್ಲಿ ‘ಪ’ಗೆ ‘ಪ’ದ್ದೇ ಒತ್ತು, ಕುಷ್ಟಗಿಯಲ್ಲಿ ಬೇರೆ ಅಕ್ಷರದ ಒತ್ತು. ಯಲಬುರ್ಗಾವನ್ನು ಕೊನೆಗಿಡಿ. ಅರ್ಕಾವತ್ತು ಕಣ್ಣಿಗೆ ‘ಗಾ’ ಆದಮೇಲೆ ಕಾಣುತ್ತದೆ, ನಾಲಿಗೆಗೆ ಮೊದಲೇ ಬರಬೇಕು. ಹಾಗಾಗಿ ಮಕ್ಕಳು ‘ಯಲಬುಗಾರ್’ ಎಂದೇ ಓದುತ್ತಾರೆ. ನಗಬೇಡಿ, ಕಣ್ಣಿಗೆ ಕಂಡದ್ದನ್ನೇ ಓದಿದ್ದಾರೆ. ಒಬ್ಬ ಕಂಡಕ್ಟರ್ ಆಗಲಿ, ಉಳಿದವರು ತಮ್ಮ ಊರಿನ ಬಸ್ ಹತ್ತಲಿ. ತಪ್ಪು ಬಸ್ ಹತ್ತಿದವರನ್ನು ಜೊತೆಯವರೇ ಇಳಿಸುತ್ತಾರೆ. ರಾಯಚೂರು ಕಡೆಯವರಿಗೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಇವೆ.

ಬರವಣಿಗೆಗೆ ಸಂತೆಯ ಚೀಟಿ ಕೊಡಿ. ಅವ್ವ ಹೇಳಿದ್ದನ್ನು ಮಗು ಬರೆದು ತರಲಿ: ಉಳ್ಳಾಗಡ್ಡಿ, ಬದನಿಕಾಯಿ, ಪುಂಡಿಪಲ್ಯ. ಮರುದಿನ ಜೊತೆಯ ಹುಡುಗ ಅದನ್ನು ಓದಿ ಸಾಮಾನಿನ ಚಿತ್ರ ಆರಿಸಬೇಕು. ಓದಲು ಬಾರದಿದ್ದರೆ ಬರೆದವನೇ ತಿದ್ದಿಕೊಡುತ್ತಾನೆ, ನಿಮ್ಮ ಕೆಂಪು ಪೆನ್ನಿನ ಕೆಲಸ ಅರ್ಧ ಮುಗಿದಂತೆ. ಉಳಿದರ್ಧದಲ್ಲೂ ಎಲ್ಲ ತಪ್ಪಿಗೆ ಗುರುತು ಹಾಕದೆ, ಇವತ್ತು ದೀರ್ಘ, ನಾಳೆ ಒತ್ತು ಎಂದು ಒಂದೊಂದನ್ನೇ ನೋಡಿ. ‘ಅ’ಕಾರ ‘ಹ’ಕಾರದ ಅದಲುಬದಲನ್ನು ಎಲ್ಲಕ್ಕಿಂತ ಕೊನೆಗೆ ಎತ್ತಿಕೊಳ್ಳಿ.