ಮಂಜುಳಾಳ ನಲವತ್ತು ಸೆಕೆಂಡು

ನಾನು ಮೈಸೂರಿನಲ್ಲಿ ಕಾಮಿಕ್ಸ್ ಬರೆದು, ಚಿತ್ರ ಬಿಡಿಸಿ ಬದುಕುವವಳು. ಭಾನುವಾರ ಹತ್ತು ಹನ್ನೆರಡು ಮಕ್ಕಳು ಕಲಿಯಲು ಮನೆಗೆ ಬರುತ್ತಾರೆ. ‘ಒಬ್ಬ ಹೆಣ್ಣು ಸೂಪರ್‌ಹೀರೋನ ಬರೆದು ತನ್ನಿ’ ಅಂದರೆ ಹೆಚ್ಚು ಕಡಿಮೆ ಎಲ್ಲರೂ ಒಬ್ಬಳನ್ನೇ ತರುತ್ತಾರೆ. ಅವಳಿಗೆ ಅಪ್ಪ ಅಮ್ಮ ಇಲ್ಲ, ಮನೆ ಬಾಡಿಗೆ ಇಲ್ಲ. ಅವಳು ಊಟ ಮಾಡಿದ್ದನ್ನು ಯಾರೂ ನೋಡಿಲ್ಲ.

ನಾನೂ ಮೊದಲು ಅಂಥವಳನ್ನೇ ಬರೆದಿದ್ದೆ. 18 ಪುಟ ಮುಗಿಸಿ ಮಂಡ್ಯದ ದೊಡ್ಡಮ್ಮನಿಗೆ ತೋರಿಸಿದೆ. ಅವರು ಒಂದೊಂದೇ ಪುಟ ನಿಧಾನವಾಗಿ ನೋಡಿ, ‘ಚೆನ್ನಾಗದೆ ಕಣವ್ವ. ಆದ್ರೆ ಕತ್ಲಾದ್ರೂ ಬರ್ಲಿಲ್ವಲ್ಲ ಅಂತ ಇವಳಿಗೆ ಕಾಯೋರು ಯಾರೂ ಇಲ್ವಾ?’ ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪುಟಗಳನ್ನು ಅಲ್ಲಿಗೇ ಕೈಬಿಟ್ಟೆ.

ಈಗ ಶಕ್ತಿಯಿಂದ ಶುರು ಮಾಡುವುದಿಲ್ಲ. ಮೊದಲು ಅವಳ ಒಂದು ದಿನವನ್ನು ಗಂಟೆ ಗಂಟೆಗೆ ಬರೆಯುತ್ತೇನೆ.

ಈಗ ಬಿಡಿಸುತ್ತಿರುವ ಮಂಜುಳಾಳನ್ನೇ ತೆಗೆದುಕೊಳ್ಳಿ. ವಯಸ್ಸು 36. ಪಾಂಡವಪುರದ ಕಡೆ ನಾಲೆ ಪಕ್ಕದ ಊರು. ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸ. ಬೆಳಗ್ಗೆ 4:45ಕ್ಕೆ ಏಳುತ್ತಾಳೆ. ನಲ್ಲಿ ನೀರು ಹಿಡಿಯಬೇಕು, ಹಸು ಕರೆಯಬೇಕು, ಮಗಳಿಗೆ ಜಡೆ ಹಾಕಬೇಕು, ಡಬ್ಬಿ ಕಟ್ಟಬೇಕು. 7:10ಕ್ಕೆ ಫ್ಯಾಕ್ಟರಿ ವ್ಯಾನ್. ಸಂಜೆ 6:20ಕ್ಕೆ ನಾಲೆ ಏರಿ ಹತ್ತಿರ ಇಳಿಯುತ್ತಾಳೆ. ಮಂಗಳವಾರ ಸಂಜೆ ಮಹಿಳಾ ಸಂಘ, ಸಾಲದ ಕಂತು. ಇಷ್ಟು ಬರೆದ ಮೇಲೆ ಹಾಳೆಯಲ್ಲಿ ಖಾಲಿ ಜಾಗ ಎಷ್ಟು ಉಳಿಯಿತು ಅಂತ ನೋಡಿ. ಏನೂ ಉಳಿಯುವುದಿಲ್ಲ, ಅಲ್ವಾ? ಕಥೆ ಹುಟ್ಟುವುದು ಅಲ್ಲೇ. ಲೋಕ ಉಳಿಸಲು ಹೋದರೆ ಹಸುವಿನ ಹಾಲು ಕರೆಯುವವರು ಯಾರು?

1941ರಲ್ಲಿ ಅಮೆರಿಕದ ಕಾಮಿಕ್ಸ್‌ಗೆ ವಂಡರ್ ವುಮನ್ ಬಂದಾಗ ಅವಳಿಗೂ ಒಂದು ಕೆಲಸ ಕೊಟ್ಟಿದ್ದರು. ಆದರೆ ನರ್ಸ್ ಡಯಾನಾ ಪ್ರಿನ್ಸ್ ಅನ್ನೋದು ಅವಳಿಗೆ ಒಂದು ವೇಷ. ಬೇಕಾದಾಗ ಕಳಚಿಡಬಹುದು. 2013ರಲ್ಲಿ ಮಾರ್ವೆಲ್ ಕಾಮಿಕ್ಸ್‌ನಲ್ಲಿ ಬಂದ ಸೂಪರ್‌ಹೀರೋ ಕಮಲಾ ಖಾನ್ ಹಾಗಲ್ಲ. ಜರ್ಸಿ ಸಿಟಿಯ ಪಾಕಿಸ್ತಾನಿ ಮೂಲದ ಮನೆಯ ಆ ಹುಡುಗಿಗೆ ಅಪ್ಪ ಅಮ್ಮನ ಮಾತು, ಸ್ಕೂಲು, ಮಸೀದಿ ಎಲ್ಲವೂ ನಿಜವಾದ ಬದುಕು. ಅವಳು ನನಗೆ ಹತ್ತಿರ ಅನ್ನಿಸುವುದು ಅದಕ್ಕೇ.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಬೆಟ್ಟದ ಚಾಮುಂಡಿಯನ್ನು ನೋಡಿ. ಜನಪದ ಹಾಡುಗಳಲ್ಲಿ ಅವಳು ಬರೀ ಮಹಿಷನನ್ನು ಕೊಂದವಳಲ್ಲ. ನಂಜನಗೂಡಿನ ನಂಜುಂಡನ ಮೇಲೆ ಪ್ರೀತಿ ಇದೆ, ಜಗಳ ಇದೆ, ಅವನ ಮನೆಯವರ ಜೊತೆ ಮನಸ್ತಾಪ ಇದೆ. ಯುದ್ಧದಲ್ಲಿ ಬೆವರುತ್ತಾಳೆ, ದಣಿಯುತ್ತಾಳೆ. ತಂಗಿ ಉತ್ತನಹಳ್ಳಿ ಮಾರಮ್ಮ ಜೊತೆಗೆ ನಿಲ್ಲುತ್ತಾಳೆ. ದೇವಿಗೇ ತಂಗಿ ಬೇಕಾಯಿತು. ಹೀರೋ ಒಬ್ಬಳೇ ಇರಬೇಕು ಅಂತ ನಮಗೆ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ.

ಇನ್ನು ಶಕ್ತಿ. ಅದು ಆ ಊರಿನ ನೋವಿನಿಂದ ಬರಬೇಕು ಅನ್ನೋದು ನನ್ನ ನಂಬಿಕೆ. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ಸೊಂದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ತೀರಿಕೊಂಡರು. ಅದರಲ್ಲಿ ಶಾಲೆ ಮಕ್ಕಳೂ ಇದ್ದರು. ‘ಆ ನೀರು ಒಂದು ಗಳಿಗೆ ನಿಂತಿದ್ರೆ’ ಅಂತ ಆಗ ಮಂಡ್ಯದಲ್ಲಿ ಎಷ್ಟು ಜನ ಅಂದುಕೊಂಡಿರಬೇಡ! ಮಂಜುಳಾಳ ಶಕ್ತಿ ಅದೇ. ಅವಳು ಉಸಿರು ಕಟ್ಟಿದರೆ ನಾಲೆಯ ನೀರು ನಿಲ್ಲುತ್ತದೆ. ಉಸಿರು ಬಿಟ್ಟರೆ ಹರಿಯುತ್ತದೆ. ಅವಳಿಗೆ ಕಟ್ಟಲು ಆಗುವುದು ನಲವತ್ತು ಸೆಕೆಂಡು. ಅದಕ್ಕಿಂತ ಒಂದು ಸೆಕೆಂಡೂ ಜಾಸ್ತಿ ಇಲ್ಲ.

ಈ ಮಿತಿ ಬಂದ ಮೇಲೆ ಕಥೆಗೆ ಜೀವ ಬಂತು. ನಲವತ್ತು ಸೆಕೆಂಡಿನಲ್ಲಿ ಒಬ್ಬಳೇ ಯಾರನ್ನೂ ಎಳೆದು ತರಲು ಆಗುವುದಿಲ್ಲ. ಏರಿಯಲ್ಲಿ ಕಬ್ಬಿನ ಗಾಡಿ ಹೊಡೆಯುವವರು ಹಗ್ಗ ಎಸೆಯಬೇಕು, ಈಜು ಬರುವವರು ಇಳಿಯಬೇಕು. ಅವಳು ದಡದಲ್ಲಿ ಬಾಯಿ ಮುಚ್ಚಿ ನಿಂತಿರುತ್ತಾಳೆ, ಅಷ್ಟೇ. ಆ ನಲವತ್ತು ಸೆಕೆಂಡಿಗೆ ನಾನು ಮೂರು ಪುಟ ಕೊಟ್ಟಿದ್ದೇನೆ. ಮೊದಲ ಪುಟದಲ್ಲಿ ಪ್ಯಾನೆಲ್‌ಗಳು, ಅಂದರೆ ಚಿತ್ರದ ಚೌಕಗಳು, ಅಗಲ. ಆಮೇಲೆ ಸಣ್ಣದಾಗುತ್ತಾ ಹೋಗಿ, ಕೊನೆಗೆ ಅವಳ ಕತ್ತಿನ ನರ ಮಾತ್ರ ಕಾಣುತ್ತದೆ. ಉಸಿರು ಬಿಡುವುದು ಪುಟ ತಿರುಗಿಸಿದ ಮೇಲೆ. ಓದುವವರೂ ಅಲ್ಲಿಯವರೆಗೆ ಉಸಿರು ಹಿಡಿದಿರಬೇಕು.

ಇನ್ನೂ ಒಂದಿದೆ. ಈ ನಾಲೆಗೆ ನೀರು ಬರುವುದು ಕೆಆರ್‌ಎಸ್ ಅಣೆಕಟ್ಟೆಯಿಂದ. ಅದರ ಪೂರ್ಣ ಮಟ್ಟ 124.80 ಅಡಿ ಅಂತ ಮಂಡ್ಯದಲ್ಲಿ ಮಕ್ಕಳೂ ಹೇಳುತ್ತಾರೆ. ಕಟ್ಟೆ ತುಂಬದ ವರ್ಷ ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಕೊಡುತ್ತಾರೆ. ನಾಲೆ ಒಣಗಿದ ದಿನ ಅವಳು ಶಕ್ತಿ ಇಲ್ಲದ ಸುಮ್ನೆ ಮಂಜುಳಾ. ಆ ದಿನಗಳ ಬಗ್ಗೆಯೇ ಎರಡು ಸಂಚಿಕೆ ಬರೆಯುತ್ತಿದ್ದೇನೆ. ನನಗೆ ತುಂಬ ಇಷ್ಟವಾದ ಸಂಚಿಕೆಗಳು ಅವು.

ವೇಷದ ವಿಷಯ ಬೇಗ ಮುಗಿಸುತ್ತೇನೆ. ಚೂಡಿದಾರ್, ಪಿನ್ ಹಾಕಿದ ವೇಲ್, ಬಳೆಗೆ ಸಿಕ್ಕಿಸಿದ ನಾಲ್ಕು ಪಿನ್ನು, ಉಂಗುಷ್ಟ ಸವೆದ ಚಪ್ಪಲಿ. ಮುಖವಾಡ ಇಲ್ಲ. ಹಳ್ಳಿಯಲ್ಲಿ ನಡಿಗೆ ನೋಡಿಯೇ ಯಾರು ಅಂತ ಹೇಳುತ್ತಾರೆ, ಮುಖ ಮುಚ್ಚಿ ಏನು ಪ್ರಯೋಜನ? ಹಾಗಾಗಿ ಗುಟ್ಟನ್ನು ಬೇರೆ ಥರ ಬರೆದೆ. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಒದ್ದೆ ವೇಲ್ ನೋಡಿ ಅತ್ತೆ ಏನೂ ಕೇಳದೆ ಬಿಸಿನೀರು ಕಾಯಿಸುತ್ತಾರೆ.

ಮೊದಲ ಸಂಚಿಕೆಯ ಕೊನೆಯ ಪುಟದಲ್ಲಿ ಮಾತೇ ಇಲ್ಲ. ಅದು ಮಂಗಳವಾರ. ಕಾರೊಂದು ನಾಲೆಗೆ ಬಿದ್ದಿತ್ತು, ಒಳಗಿದ್ದವರು ಬದುಕುಳಿದರು. ಮಂಜುಳಾ ಸಂಘಕ್ಕೆ ಓಡುವಷ್ಟರಲ್ಲಿ ಬಾಗಿಲು ಹಾಕಿದೆ. ಬರದವರಿಗೆ ಹತ್ತು ರೂಪಾಯಿ ದಂಡ. ಮಾರನೇ ದಿನ ವ್ಯಾನಿನಲ್ಲಿ ಪಕ್ಕದ ಸೀಟಿನವಳು ಸಂಘದ ಹಾಜರಿ ಪುಸ್ತಕ ತೆಗೆದು ಅವಳ ತೊಡೆಯ ಮೇಲಿಡುತ್ತಾಳೆ. ದಂಡದ ಕಾಲಂ ಖಾಲಿ. ಹೆಸರಿನ ಮುಂದೆ ಸಹಿಗೆ ಜಾಗ ಬಿಟ್ಟಿದೆ.