ಮೊಳದುದ್ದದ ಮೋರಿ ಮರಿಯೋ, ತಾಯಿಯೋ? ಶಾರ್ಕ್ ಮತ್ತು ತೊರಕೆಗಳ ಬಗ್ಗೆ ಅಧ್ಯಯನ ಟಿಪ್ಪಣಿ

ಕಾರವಾರದ ಬೈತಖೋಲ ಬಂದರಿನಲ್ಲಿ ಟ್ರಾಲ್ ದೋಣಿಗಳು ಮೀನು ಇಳಿಸುವಾಗ ಬುಟ್ಟಿಗಳಲ್ಲಿ ಸಣ್ಣ ಶಾರ್ಕುಗಳೂ ಇರುತ್ತವೆ. ಕೊಂಕಣಿ ಮಾತಾಡುವವರು ಅವನ್ನು ಮೋರಿ ಎನ್ನುತ್ತಾರೆ, ತೆಂಕಣಕ್ಕೆ ಹೋದಂತೆ ತಾಟೆ ಎಂಬ ಹೆಸರು ಕೇಳುತ್ತದೆ. ಮೊಳದುದ್ದದ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು ಚಪ್ಪಟೆ ಮೂತಿಯ ಸಲಿಕೆಮೂತಿ ಶಾರ್ಕ್, ಸ್ಕೋಲಿಯೋಡಾನ್ ಲ್ಯಾಟಿಕಾಡಸ್. ಇನ್ನೊಂದು ಸುತ್ತಿಗೆ ತಲೆಯ ಶಾರ್ಕ್, ಸ್ಫಿರ್ನಾ ಲೆವಿನಿ. ಉದ್ದ ಒಂದೇ, ಮಾರುವಾಗ ಎರಡೂ ಸಣ್ಣ ಮೋರಿಯೇ. ಆದರೆ ಮೊದಲನೆಯದು ಆಗಲೇ ಮರಿ ಹಾಕಿರಬಹುದಾದ ತಾಯಿ. ಎರಡನೆಯದು ಈಚೆಗಷ್ಟೇ ಹುಟ್ಟಿದ ಕೂಸು. ಸಲಿಕೆಮೂತಿ 35 ಸೆಂ.ಮೀ. ಆಸುಪಾಸಿನಲ್ಲೇ ಪ್ರಾಯಕ್ಕೆ ಬರುತ್ತದೆ, ಸುತ್ತಿಗೆ ತಲೆಯದು ಹುಟ್ಟುವಾಗಲೇ 40-50 ಸೆಂ.ಮೀ. ಇರುತ್ತದೆ.

ಈ ವ್ಯತ್ಯಾಸ ಮನಸ್ಸಿಗೆ ಹತ್ತಿದರೆ ಸಂರಕ್ಷಣೆಯ ಅಧ್ಯಾಯವನ್ನು ಉರು ಹೊಡೆಯಬೇಕಾಗಿಲ್ಲ. ಅದಕ್ಕೇ ಈ ಟಿಪ್ಪಣಿಯಲ್ಲಿ ಸಂತಾನದ ಭಾಗಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ದೇಹರಚನೆ, ಬೇಗನೆ

ಶಾರ್ಕ್, ತೊರಕೆ (ಚಪ್ಪಟೆ ದೇಹದ ರೇ ಮೀನು) ಎರಡೂ ಮೃದ್ವಸ್ಥಿ ಮೀನುಗಳು, ಅಂದರೆ ಎಲುಬಿನ ಬದಲು ಮೃದು ಎಲುಬಿನ ಅಸ್ಥಿಪಂಜರ ಇರುವವು. ಮೃದ್ವಸ್ಥಿ ಎಂದಮಾತ್ರಕ್ಕೆ ಅಸ್ಥಿಪಂಜರ ಮೆತ್ತಗಿಲ್ಲ. ಅದರ ಮೇಲ್ಪದರದಲ್ಲಿ ಸುಣ್ಣದಂಶ ಸೇರಿ ಗಟ್ಟಿಯಾಗಿರುತ್ತದೆ. ಬೆನ್ನುಮೂಳೆಯ ಮಣಿಗಳಲ್ಲಿ ಉಂಗುರಗಳು ಮೂಡುತ್ತವೆ, ವಯಸ್ಸು ಅಂದಾಜಿಸುವುದು ಅವುಗಳಿಂದಲೇ. ಗಾಳಿಚೀಲ ಇಲ್ಲ. ಎಣ್ಣೆ ತುಂಬಿದ ದೊಡ್ಡ ಯಕೃತ್ತು ದೇಹವನ್ನು ಹಗುರ ಮಾಡುತ್ತದೆ. ಮೂತಿಯ ಮೇಲಿನ ಸಣ್ಣ ತೂತುಗಳು ಲೊರೆಂಜಿನಿ ಆಂಪುಲ್ಲಾಗಳು. ಮರಳಿನಡಿ ಅಡಗಿದ ಬೇಟೆಯ ಕ್ಷೀಣ ವಿದ್ಯುತ್ತನ್ನೂ ಅವು ಗುರುತಿಸಬಲ್ಲವು.

ಸಮುದ್ರದ ಉಪ್ಪು ದೇಹದ ನೀರನ್ನು ಹೀರಿಕೊಳ್ಳದಂತೆ ರಕ್ತದಲ್ಲಿ ಯೂರಿಯಾ ಉಳಿಸಿಕೊಳ್ಳುವುದು ಇವುಗಳ ಇನ್ನೊಂದು ವಿಶೇಷ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಆ ಯೂರಿಯಾವನ್ನು ಅಮೋನಿಯಾ ಮಾಡುತ್ತವೆ. ಹಳತಾದ ಮೋರಿಯ ಖಾರವಾದ ವಾಸನೆಗೆ ಅದೇ ಕಾರಣ. ನಮ್ಮ ಕರಾವಳಿಯ ಅಡುಗೆಮನೆಯವರಿಗೆ ಈ ಪಾಠ ಹೊಸದೇನಲ್ಲ.

ಪರೀಕ್ಷೆಯಲ್ಲಿ ಎಡವಿಸುವ ಒಂದು ಪ್ರಶ್ನೆ: ಗಿಟಾರ್ ಮೀನು ಶಾರ್ಕೋ, ತೊರಕೆಯೋ? ಉದ್ದ ಬಾಲ, ನೆಟ್ಟಗಿನ ಬೆನ್ನುರೆಕ್ಕೆ ನೋಡಿ ಶಾರ್ಕ್ ಎಂದು ಬರೆದರೆ ತಪ್ಪು. ಹೊಟ್ಟೆ ಮೇಲೆ ಮಾಡಿ ನೋಡಿ. ಕಿವಿರಿನ ಸೀಳುಗಳು ಕೆಳಗಡೆ ಇದ್ದರೆ ಅದು ತೊರಕೆಯ ಬಳಗ, ಪಕ್ಕದಲ್ಲಿದ್ದರೆ ಶಾರ್ಕ್. ಗರಗಸ ಮೀನೂ ಇದೇ ಲೆಕ್ಕದಲ್ಲಿ ತೊರಕೆಗಳ ಕಡೆಯದು.

ಹುಟ್ಟಿನ ಬಗೆ

ಬಂಗುಡೆ, ತಾರ್ಲೆಗಳು ಹತ್ತಾರು ಸಾವಿರ ಮೊಟ್ಟೆಗಳನ್ನು ನೀರಿಗೆ ಬಿಡುತ್ತವೆ. ಬಹುಪಾಲು ಸತ್ತರೂ, ಕಡಲು ಅನುಕೂಲಿಸಿದರೆ ಒಂದೆರಡು ವರ್ಷದಲ್ಲಿ ಸಂತತಿ ಮತ್ತೆ ತುಂಬಿಕೊಳ್ಳುತ್ತದೆ. ಶಾರ್ಕ್, ತೊರಕೆಗಳ ದಾರಿ ಬೇರೆ. ಗಂಡಿನ ಹೊಟ್ಟೆರೆಕ್ಕೆಗಳ ಬಳಿಯ ಜೋಡಿ ಕ್ಲಾಸ್ಪರ್‌ಗಳಿಂದ ಗರ್ಭಾಧಾನ ದೇಹದೊಳಗೇ ನಡೆಯುತ್ತದೆ. ಆಮೇಲೆ ಜಾತಿಗೊಂದು ಕ್ರಮ. ಬಿದಿರು ಶಾರ್ಕುಗಳು ಗಟ್ಟಿ ಚೀಲದಲ್ಲಿ ಮೊಟ್ಟೆ ಇಡುತ್ತವೆ. ಬಾಲಮುಳ್ಳಿನ ತೊರಕೆಗಳಲ್ಲಿ ಮರಿ ಗರ್ಭದೊಳಗೆ ಮೊದಲು ಭಂಡಾರವನ್ನೂ (ಮೊಟ್ಟೆಯ ಹಳದಿ ಭಾಗ) ಆಮೇಲೆ ತಾಯಿ ಸ್ರವಿಸುವ ಹಾಲಿನಂಥ ದ್ರವವನ್ನೂ ಹೀರಿ ಬೆಳೆಯುತ್ತದೆ. ಸುತ್ತಿಗೆ ತಲೆಯವೂ ಸಲಿಕೆಮೂತಿಯೂ ಹೊಕ್ಕುಳಬಳ್ಳಿ, ಜರಾಯುಗಳ ಮೂಲಕ ಮರಿ ಸಾಕುತ್ತವೆ.

ಇವುಗಳಲ್ಲಿ ನನಗೆ ಅತ್ಯಂತ ಬೆರಗು ಹುಟ್ಟಿಸುವುದು ನಮ್ಮ ತೀರದ್ದೇ ಆದ ಸಲಿಕೆಮೂತಿ. ಅದರ ಮೊಟ್ಟೆ ಕೇವಲ 1 ಮಿ.ಮೀ., ಶಾರ್ಕುಗಳಲ್ಲೇ ಅತಿ ಸಣ್ಣದು. ಅದರಲ್ಲಿ ಭಂಡಾರ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹಾಗಾಗಿ ಭ್ರೂಣ ಬಹು ಬೇಗ ತಾಯಿಗೆ ಅಂಟಿಕೊಂಡು ಪೂರ್ತಿ ಅವಳಿಂದಲೇ ಪೋಷಣೆ ಪಡೆಯುತ್ತದೆ. ಐದಾರು ತಿಂಗಳಲ್ಲಿ 12-15 ಸೆಂ.ಮೀ.ನ ಮರಿಗಳು ಹೊರಬರುತ್ತವೆ. ಒಂದೆರಡು ವರ್ಷಕ್ಕೆ ಅವೂ ಪ್ರಾಯಕ್ಕೆ ಬರುತ್ತವೆ. ಇಷ್ಟು ಮೀನುಗಾರಿಕೆಯ ನಡುವೆಯೂ ಇದು ಇನ್ನೂ ಬುಟ್ಟಿಗೆ ಬೀಳುತ್ತಿರುವುದಕ್ಕೆ ಈ ವೇಗ ದೊಡ್ಡ ಕಾರಣ.

ಸುತ್ತಿಗೆ ತಲೆಯ ಹೆಣ್ಣಿಗೆ ಆ ಅನುಕೂಲ ಇಲ್ಲ. ಪ್ರಾಯಕ್ಕೆ ಬರಲು ಅದಕ್ಕೆ ವರ್ಷಗಳೇ ಹಿಡಿಯುತ್ತವೆ, ಗರ್ಭ ಸುಮಾರು ಒಂದು ವರ್ಷ. ದೈತ್ಯ ಮಾಂಟಾ ತೊರಕೆಯದು ಇನ್ನೂ ನಿಧಾನ: ಒಂದು ಬಸಿರಿಗೆ ಒಂದೇ ಮರಿ, ಅದೂ ಪ್ರತಿವರ್ಷವಲ್ಲ. 2020ರಲ್ಲಿ ಮಲ್ಪೆಗೆ ಬಂದ ದೈತ್ಯ ತೊರಕೆಗಳನ್ನು ಕ್ರೇನಿನಲ್ಲಿ ಎತ್ತಿದ ಚಿತ್ರ ನೆನಪಿರಬಹುದು. ಎಲ್ಲರೂ ತೂಕದ ಬಗ್ಗೆ ಮಾತಾಡಿದರು. ಅಷ್ಟು ದೊಡ್ಡದೊಂದು ಹೋದರೆ ಆ ಜಾಗ ತುಂಬಲು ಎಷ್ಟು ವರ್ಷ ಬೇಕು ಎಂಬುದೂ ಮಾತಿಗೆ ಬರಬೇಕಿತ್ತು.

ಪರಿಸರದ ಕಥೆ, ಒಂದು ಎಚ್ಚರಿಕೆ

2007ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಬಹಳ ಹೆಸರಾಯಿತು. ಅಮೆರಿಕದ ಪೂರ್ವ ತೀರದಲ್ಲಿ ದೊಡ್ಡ ಶಾರ್ಕುಗಳು ಕಡಿಮೆಯಾದವು, ಅದರಿಂದ ಕೌನೋಸ್ ತೊರಕೆಗಳು ಹೆಚ್ಚಿದವು, ಅವು ಸ್ಕ್ಯಾಲಪ್ ಚಿಪ್ಪುಗಳನ್ನು ತಿಂದು ಮುಗಿಸಿದವು ಎಂಬ ಸರಪಳಿ ಅದು. ಇದನ್ನು ನಂಬಿ ತೊರಕೆ ಹಿಡಿದು ತಿನ್ನಿ ಎಂಬ ಪ್ರಚಾರವೂ ಅಲ್ಲಿ ನಡೆಯಿತು. 2016ರ ಮರುಪರಿಶೀಲನೆಯಲ್ಲಿ ಈ ಸರಪಳಿ ನಿಲ್ಲಲಿಲ್ಲ. ಕೌನೋಸ್ ತೊರಕೆ ಏಳೆಂಟು ವರ್ಷಕ್ಕೆ ಪ್ರಾಯಕ್ಕೆ ಬಂದು ವರ್ಷಕ್ಕೆ ಒಂದೇ ಮರಿ ಹಾಕುವ ಮೀನು. ಅಷ್ಟು ಬೇಗ ಅದರ ಸಂಖ್ಯೆ ಉಕ್ಕುವುದು ಸಾಧ್ಯವೇ ಇರಲಿಲ್ಲ. ಮೇಲಿನ ಬೇಟೆಗಾರ ಹೋದರೆ ಕೆಳಗಿನದೆಲ್ಲ ಬದಲಾಗುತ್ತದೆ ಎಂದು ಉತ್ತರ ಬರೆಯುವ ಮೊದಲು ಇದನ್ನು ನೆನೆಯಿರಿ. ಹಾಗೆ ಆಗುವುದುಂಟು, ಆದರೆ ಪ್ರತಿ ಕಡಲಿನಲ್ಲೂ ಪುರಾವೆ ಬೇಕು.

2024ರಲ್ಲಿ ಮಹತ್ವದ ಜೌಗುನೆಲಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆಯಂಥ ಕಡೆ ಬಳಚು ಎಂಬ ಚಿಪ್ಪುಜೀವಿ ತೆಗೆದು ಬದುಕುವ ಕುಟುಂಬಗಳಿವೆ. ಚಿಪ್ಪುಜೀವಿಗಳನ್ನು ತಿನ್ನುವ ತೊರಕೆಯನ್ನು ಶತ್ರು ಎಂದು ಬಗೆಯುವುದು ಸುಲಭ. ತೊರಕೆಗಳು ನೀರು ಚಿಮ್ಮಿಸಿ ಮರಳು ಕೆದಕಿ ಗುಂಡಿ ಮಾಡುವುದರಿಂದ ತಳದ ಕೆಸರು ತಿರುವುಮುರುವಾಗುತ್ತದೆ, ಆಮ್ಲಜನಕ ಒಳಗೆ ಇಳಿಯುತ್ತದೆ. ಆ ಕೆಲಸವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಉಳಿಸುವ ದಾರಿ

1970ರಿಂದ 2018ರ ನಡುವೆ ತೆರೆದ ಸಾಗರದ ಶಾರ್ಕ್, ತೊರಕೆಗಳ ಸಂಖ್ಯೆ ಶೇ. 71ರಷ್ಟು ಇಳಿಯಿತೆಂದು 2021ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನ ಹೇಳಿತು. ಮುಖ್ಯ ಕಾರಣ ಅತಿ ಮೀನುಗಾರಿಕೆ.

ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇದೆ. ತಾರ್ಲೆಯಂಥ ಮೀನಿಗೆ ಇದು ದೊಡ್ಡ ಬಿಡುವು. ವರ್ಷಗಟ್ಟಲೆ ಬೆಳೆದು ಪ್ರಾಯಕ್ಕೆ ಬರುವ ಸುತ್ತಿಗೆ ತಲೆಗೆ ಎರಡು ತಿಂಗಳು ಸಾಲದು. ಅದರ ಮರಿಗಳು ಮೊದಲ ದಿನಗಳನ್ನು ಕಳೆಯುವುದು ದಡದ ಹತ್ತಿರದ ಆಳವಿಲ್ಲದ ನೀರಿನಲ್ಲಿ. ಕರ್ನಾಟಕದ 1986ರ ಕಡಲ ಮೀನುಗಾರಿಕೆ ಕಾಯ್ದೆ ದಡದಂಚಿನ ನೀರನ್ನು ಸಾಂಪ್ರದಾಯಿಕ ದೋಣಿಗಳಿಗೆ ಮೀಸಲಿಡಲು ದಾರಿ ಮಾಡಿದೆ. ಸಣ್ಣ ಮೀನುಗಾರರ ಬದುಕಿಗಾಗಿ ಬಂದ ಈ ನಿಯಮ ನಿಜವಾಗಿ ಪಾಲನೆಯಾದರೆ ಶಾರ್ಕ್ ಮರಿಗಳಿಗೂ ಆಸರೆ.

ಹಿಡಿದದ್ದನ್ನು ಜೀವಂತ ಬಿಟ್ಟರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಉತ್ತರ ಉಸಿರಾಟದಲ್ಲಿದೆ. ತಳದ ತೊರಕೆ ಕಣ್ಣಿನ ಹಿಂದಿನ ರಂಧ್ರದಿಂದ ನೀರೆಳೆದು ಮಲಗಿದಲ್ಲೇ ಉಸಿರಾಡುತ್ತದೆ. ಆಳದಿಂದ ಮೇಲೆಳೆದಾಗ ಒಡೆಯಲು ಗಾಳಿಚೀಲವೂ ಇಲ್ಲ. ಬೇಗ ಬಿಟ್ಟರೆ ಬದುಕುವ ಅವಕಾಶ ಚೆನ್ನಾಗಿದೆ, ಬಾಲದ ವಿಷಮುಳ್ಳಿನ ಬಗ್ಗೆ ಮಾತ್ರ ಎಚ್ಚರ ಬೇಕು. ಸುತ್ತಿಗೆ ತಲೆಯದಕ್ಕೆ ಈಜುತ್ತಿದ್ದರೆ ಮಾತ್ರ ಕಿವಿರಿಗೆ ನೀರು. ಬಲೆಯಲ್ಲಿ ಸಿಕ್ಕಿಕೊಂಡ ಸ್ವಲ್ಪ ಹೊತ್ತಿನಲ್ಲೇ ಅದು ಸೋಲುತ್ತದೆ. ಹಾಗಾಗಿ ಅದನ್ನು ಉಳಿಸಲು ಮರಿಗಳಿರುವ ಜಾಗದಲ್ಲಿ ಬಲೆ ಎಳೆಯದಿರುವುದೇ ಮುಖ್ಯ.

ಕಾನೂನಿನ ಪ್ರಶ್ನೆಗೆ: 2001ರಲ್ಲಿ ತಿಮಿಂಗಿಲ ಶಾರ್ಕ್, ಗರಗಸ ಮೀನು ಸೇರಿ ಹತ್ತು ಜಾತಿಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಬಂದವು. 2015ರಲ್ಲಿ ಶಾರ್ಕ್ ರೆಕ್ಕೆಯ ರಫ್ತು ನಿಂತಿತು. 2022ರ ತಿದ್ದುಪಡಿ ಅನುಸೂಚಿಗಳನ್ನು ಹೊಸದಾಗಿ ಬರೆಯಿತು, ಅದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಳೆಯ ಗೈಡುಗಳ ‘ಹತ್ತು ಜಾತಿ’ಯನ್ನು ಈಗ ಬರೆಯಬೇಡಿ.

ಬಂದರಿಗೆ ಹೋದಾಗ ದೋಣಿಯವರ ಅನುಮತಿ ಕೇಳಿ ನೋಡಿ. ಉದ್ದ, ಜಾತಿ ಬರೆದುಕೊಳ್ಳಿ. ಕ್ಲಾಸ್ಪರ್ ಗಟ್ಟಿಯಾಗಿದ್ದರೆ ಪ್ರಾಯದ ಗಂಡು, ಮೆತ್ತಗಿದ್ದರೆ ಎಳೆಯದು. ಮೋರಿಯ ಎದೆರೆಕ್ಕೆಗಳ ನಡುವೆ ಹೊಟ್ಟೆಯ ಮೇಲೆ ಹೊಕ್ಕುಳ ಗಾಯ ಇನ್ನೂ ಮುಚ್ಚದೆ ಇದ್ದರೆ ಅದು ಹುಟ್ಟಿ ಹೆಚ್ಚು ದಿನವಾಗಿಲ್ಲ. ಯಾವ ತಿಂಗಳಲ್ಲಿ, ಯಾವ ಅಳಿವೆಯ ಹತ್ತಿರದ ನೀರಿನಿಂದ ಅಂಥವು ಹೆಚ್ಚು ಬರುತ್ತವೆ ಎಂದು ದೋಣಿಯವರನ್ನೇ ಕೇಳಿ ಬರೆದಿಡಿ.