ಕೂದಲಿನ ಮರೆಯ ಉಣುಗು, ಕಾಲಿಗೇರುವ ಲಕ್ವ

ಹಿಂದಿನ ದಿನ ಸಂಜೆಯವರೆಗೂ ಆಡಿಕೊಂಡಿದ್ದ ಐದು ವರ್ಷದ ಹುಡುಗಿ ಬೆಳಿಗ್ಗೆ ಹಾಸಿಗೆಯಿಂದ ಇಳಿಯುವಾಗ ತಡವರಿಸುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ನಿಲ್ಲಲಾರಳು. ಮರುದಿನ ಕೈಗಳೂ ಸೋಲುತ್ತವೆ. ಜ್ವರವಿಲ್ಲ, ಚಿವುಟಿದರೆ ತಿಳಿಯುತ್ತದೆ, ಆದರೆ ವೈದ್ಯರು ಮಂಡಿಯ ಕೆಳಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದಾಗ ಕಾಲು ಚಿಮ್ಮುವುದಿಲ್ಲ. ಇದನ್ನು ಗಿಲನ್ ಬಾರೆ ಸಿಂಡ್ರೋಮ್, ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ನರಗಳ ಮೇಲೆ ಎರಗುವ ಕಾಯಿಲೆ, ಎಂದು ಭಾವಿಸುವುದು ಸಹಜ. ಆದರೆ ಉತ್ತರ ಅಮೆರಿಕದ ರಾಕಿ ಪರ್ವತಗಳ ಸೀಮೆಯಲ್ಲಿ, ಅದರಲ್ಲೂ ವಸಂತದಲ್ಲಿ ಮತ್ತು ಬೇಸಿಗೆಯ ಆರಂಭದಲ್ಲಿ, ಅನುಭವಿ ವೈದ್ಯರು ಮೊದಲು ಮಗುವಿನ ಕೂದಲನ್ನು ಎಳೆ ಎಳೆಯಾಗಿ ಬಿಡಿಸಿ, ನೆತ್ತಿಯನ್ನೂ ಕಿವಿಯ ಹಿಂಭಾಗವನ್ನೂ ಬೆರಳ ತುದಿಯಿಂದ ತಡವಿ ನೋಡುತ್ತಾರೆ. ಅಲ್ಲಿ ಹರಳುಬೀಜದಂತೆ ಊದಿಕೊಂಡ ಹೆಣ್ಣು ಉಣುಗು ಸಿಕ್ಕಬಹುದು. (ಹರಳುಗಿಡದ ಶಾಸ್ತ್ರೀಯ ಹೆಸರಾದ ರಿಸಿನಸ್ ಎಂಬ ಲ್ಯಾಟಿನ್ ಪದಕ್ಕೆ ಉಣುಗು ಎಂದೇ ಅರ್ಥ.) ಅದನ್ನು ಕಿತ್ತು ತೆಗೆದ ಕೆಲವೇ ಗಂಟೆಗಳಲ್ಲಿ ಮಗು ಚೇತರಿಸಿಕೊಳ್ಳತೊಡಗುತ್ತದೆ. ಅದು ಕಣ್ಣಿಗೆ ಬೀಳದೆ ಹೋದರೆ ಲಕ್ವ ಮೇಲೇರಿ, ಉಸಿರಾಟದ ಸ್ನಾಯುಗಳನ್ನೇ ಹಿಡಿದು ಜೀವ ತೆಗೆಯಬಲ್ಲದು. ಈ ತೊಂದರೆ ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿ ಕಂಡುಬರಲು ಉದ್ದ ಕೂದಲಿನ ಮರೆಯೇ ಕಾರಣವೆನ್ನುತ್ತಾರೆ.

ಉಣುಗು ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ. ಅದು ವೈರಸ್‌ನಿಂದ ಬರುವ ಸೋಂಕು. ವೈರಸ್ ಒಮ್ಮೆ ಒಳಹೊಕ್ಕ ಮೇಲೆ ಉಣುಗನ್ನು ತೆಗೆದರೂ ಕಾಯಿಲೆ ತನ್ನ ದಾರಿ ಹಿಡಿಯುತ್ತದೆ. ಉಣುಗಿನ ಲಕ್ವದಲ್ಲಿ ಯಾವ ರೋಗಾಣುವಿನ ಪಾತ್ರವೂ ಇಲ್ಲ. ಕಚ್ಚಿಕೊಂಡ ಮೂರು ನಾಲ್ಕು ದಿನಗಳ ನಂತರ ಉಣುಗಿನ ಜೊಲ್ಲುಗ್ರಂಥಿಗಳು ನಂಜನ್ನು ಹೆಚ್ಚಾಗಿ ಸ್ರವಿಸುತ್ತವೆ. ಅದು ಕಚ್ಚಿಕೊಂಡಿರುವಷ್ಟು ಕಾಲವೂ ಆ ನಂಜು ದೇಹಕ್ಕೆ ಇಳಿಯುತ್ತಲೇ ಇರುತ್ತದೆ.

ಈ ನಂಜು ಹೇಗೆ ಕೆಲಸ ಮಾಡುತ್ತದೆಂಬುದನ್ನು ಹೆಚ್ಚು ವಿವರವಾಗಿ ಅರಿತಿರುವುದು ಆಸ್ಟ್ರೇಲಿಯದ ಇಕ್ಸೋಡಿಸ್ ಹಾಲೋಸೈಕ್ಲಸ್ ಎಂಬ ಉಣುಗಿನಲ್ಲಿ. ನಾವು ಕಾಲೆತ್ತಬೇಕೆಂದಾಗ ನರದ ತುದಿಯಲ್ಲಿ ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕ ಹೊರಬಂದು, ಕೂದಲೆಳೆಗಿಂತಲೂ ಕಿರಿದಾದ ಸಂದನ್ನು ದಾಟಿ ಸ್ನಾಯುವನ್ನು ಮುಟ್ಟಬೇಕು. ಹಾಲೋಸೈಕ್ಲೋಟಾಕ್ಸಿನ್ ಎಂಬ ಈ ನಂಜು ಆ ರಾಸಾಯನಿಕ ಹೊರಬರುವುದನ್ನೇ ತಡೆಯುತ್ತದೆ. ಸ್ನಾಯು ಸರಿಯಾಗಿಯೇ ಇರುತ್ತದೆ, ನರವೂ ಸರಿಯಾಗಿಯೇ ಇರುತ್ತದೆ. ಅಪ್ಪಣೆ ಮಾತ್ರ ತಲುಪುವುದಿಲ್ಲ.

ಆಸ್ಟ್ರೇಲಿಯದ ಪೂರ್ವ ಕರಾವಳಿಯ ಕಾಡುಗಳಲ್ಲಿರುವ ಈ ಉಣುಗಿನ ಸಹಜ ಆಶ್ರಯ ಬ್ಯಾಂಡಿಕೂಟ್ ಎಂಬ ಹೊಟ್ಟೆಚೀಲದ ಪುಟ್ಟ ಪ್ರಾಣಿ. ಮೇಲಿಂದ ಮೇಲೆ ಕಚ್ಚಿಸಿಕೊಂಡು ರೋಗನಿರೋಧಕ ಶಕ್ತಿ ಗಳಿಸಿಕೊಂಡ ಬ್ಯಾಂಡಿಕೂಟ್‌ಗಳಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಸಂಕಟವೆಲ್ಲ ಹೊರಗಿನಿಂದ ಬಂದ ನಾಯಿ, ಬೆಕ್ಕು, ಕರು, ಕುದುರೆಮರಿಗಳದು. ನಾಯಿಯಲ್ಲಿ ಎಷ್ಟೋ ಸಲ ಮೊದಲು ಕೆಡುವುದು ದನಿ: ಬೊಗಳು ಒಡೆದು ಕೀರಲಾಗುತ್ತದೆ. ಆಮೇಲೆ ಹಿಂಗಾಲುಗಳು ಓಲಾಡುತ್ತವೆ, ತಿಂದದ್ದು ಹೊರಬರುತ್ತದೆ, ಉಸಿರು ಗೊರಗುಟ್ಟುತ್ತದೆ. ಇಲ್ಲಿ ಉಣುಗನ್ನು ತೆಗೆದ ಮಾತ್ರಕ್ಕೆ ಅಪಾಯ ಕಳೆಯುವುದಿಲ್ಲ. ಆಗಲೇ ದೇಹ ಸೇರಿದ ನಂಜಿನಿಂದ ಮುಂದಿನ ಒಂದೆರಡು ದಿನ ಸ್ಥಿತಿ ಇನ್ನಷ್ಟು ಬಿಗಡಾಯಿಸಬಹುದು. ಇದನ್ನು ತಿಳಿಯದ ಒಡೆಯರು ಉಣುಗು ಹೋಯಿತೆಂದು ನೆಮ್ಮದಿಯಿಂದ ನಾಯಿಗೆ ನೀರು, ಅನ್ನ ಕೊಟ್ಟುಬಿಡುವುದು ನಿಜಕ್ಕೂ ದುಃಖದ ಸಂಗತಿ, ಏಕೆಂದರೆ ನುಂಗುವ ಸ್ನಾಯುಗಳೇ ಸೋತಿರುವಾಗ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಪಶುವೈದ್ಯರ ಬಳಿ ಇದಕ್ಕೆ ನಂಜುನಿರೋಧಕ ಸೀರಮ್ ಇದೆ. ಈ ನಂಜಿಗೆ ಒಗ್ಗಿಸಿದ ನಾಯಿಗಳ ರಕ್ತದಿಂದಲೇ ಅದನ್ನು ತಯಾರಿಸುತ್ತಾರೆ.

ಉಣುಗನ್ನು ತೆಗೆಯುವಾಗ ಸೀಮೆಎಣ್ಣೆ ಸುರಿಯುವುದು, ಬೆಂಕಿ ತಾಗಿಸುವುದು ಸಲ್ಲದು. ಸಣ್ಣ ಮೊನೆಯ ಚಿಮುಟದಿಂದ ಚರ್ಮಕ್ಕೆ ಆದಷ್ಟು ಹತ್ತಿರದಲ್ಲಿ ಹಿಡಿದು, ಊದಿದ ಹೊಟ್ಟೆಯನ್ನು ಹಿಸುಕದೆ, ನೇರವಾಗಿ ಮೇಲಕ್ಕೆ ಎಳೆಯಬೇಕು. ಒಂದು ಸಿಕ್ಕಿತೆಂದು ಅಲ್ಲಿಗೇ ಬಿಡದೆ ಬೆರಳ ಸಂದು, ಕಂಕುಳು, ಕಿವಿಯ ಒಳಮಡಿಕೆಗಳನ್ನೂ ಮತ್ತೊಮ್ಮೆ ನೋಡಬೇಕು. ಕಾಣದೆ ಉಳಿದ ಎರಡನೆಯ ಉಣುಗು ನಂಜನ್ನು ಇಳಿಸುತ್ತಲೇ ಇರುತ್ತದೆ.